ಬಣ್ಣ ಬಾರದ ಭ್ರೂಣ: ಜೀಬ್ರಾಮೀನಿನ ನರಮಂಡಲದಲ್ಲಿ ರಿಸೆಪ್ಟರ್ ಜೀನ್ ನೋಡುವಾಗ ದೋಷ ಹುಡುಕುವ ಬಗೆ

ಇಡೀ ಭ್ರೂಣದ ಇನ್ ಸಿಟು ಹೈಬ್ರಿಡೈಸೇಶನ್, ಅಂದರೆ ಒಂದು ಜೀನಿನ ಎಮ್‌ಆರ್‌ಎನ್‌ಎ (ಜೀನಿನ ಸಂದೇಶದ ನಕಲು) ಯಾವ ಕೋಶಗಳಲ್ಲಿದೆ ಎಂದು ಬಣ್ಣದಿಂದ ತೋರಿಸುವ ವಿಧಾನ, ನಾಲ್ಕೈದು ದಿನ ತಿನ್ನುವ ಕೆಲಸ. ಕೊನೆಯ ದಿನ ಸೂಕ್ಷ್ಮದರ್ಶಕದಡಿ ನೋಡಿದಾಗ ಭ್ರೂಣ ಬೆಳ್ಳಗೇ ಉಳಿದಿದ್ದರೆ, ಇಲ್ಲವೇ ತಲೆಯಿಂದ ಬಾಲದವರೆಗೆ ಒಂದೇ ಸಮ ನೇರಳೆ ಹೊಡೆದಿದ್ದರೆ, ಮೊದಲ ಬೈಗುಳ ಪ್ರೋಬಿಗೆ, ಅಂದರೆ ಆ ಎಮ್‌ಆರ್‌ಎನ್‌ಎಗೆ ಅಂಟುವ ಗುರುತು ಹಚ್ಚಿದ ಆರ್‌ಎನ್‌ಎ ತುಣುಕಿಗೆ, ಬೀಳುತ್ತದೆ. ಹೊಸ ಪ್ರೋಬ್ ಮಾಡಿ ಮತ್ತೆ ಐದು ದಿನ ಕಳೆದರೂ ಅದೇ ಫಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಲ್ಯಾಬುಗಳಲ್ಲಿ ದೋಷ ಬಹಳ ಸಲ ಪ್ರೋಬಿನ ಹೊರಗೇ ಇರುತ್ತದೆ: ಕೋಣೆಯ ಬಿಸಿ, ಬೋರ್ ನೀರು, ರಾತ್ರಿ ಹೋಗಿ ಬಂದ ಕರೆಂಟು.

ಇಲ್ಲಿನ ಮಾತೆಲ್ಲ ಫಲಿತಗೊಂಡು 10ರಿಂದ 48 ಗಂಟೆಯಾದ ಜೀಬ್ರಾಮೀನಿನ ಭ್ರೂಣಕ್ಕೆ, ಡಿಗ್ (ಡಿಗಾಕ್ಸಿಜೆನಿನ್) ಗುರುತಿನ ಆರ್‌ಎನ್‌ಎ ಪ್ರೋಬಿಗೆ, ಡಿಗ್ಗನ್ನು ಹಿಡಿಯುವ, ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಕೂಡಿಸಿದ ಆಂಟಿಬಾಡಿಗೆ, ಆ ಕಿಣ್ವ ನೇರಳೆಯಾಗಿಸುವ ಎನ್‌ಬಿಟಿ-ಬಿಸಿಐಪಿ ಬಣ್ಣಕ್ಕೆ ಅನ್ವಯ. ರಿಸೆಪ್ಟರ್ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್) ಜೀನುಗಳ ತೊಡಕು ಬೇರೆ. ಇಜಿಆರ್2ಬಿ ತರಹದ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ (ಬೇರೆ ಜೀನುಗಳನ್ನು ಚಾಲೂ-ಬಂದ್ ಮಾಡುವ ಪ್ರೋಟೀನ್) ಒಂದು ತಾಸಿನೊಳಗೆ ಗಾಢವಾಗಿ ಕಾಣಿಸಿಕೊಳ್ಳಬಹುದು. ಬಹುತೇಕ ರಿಸೆಪ್ಟರುಗಳ ಎಮ್‌ಆರ್‌ಎನ್‌ಎ ಜೀವಕೋಶವೊಂದರಲ್ಲಿ ಕಡಿಮೆ ಇರುವುದರಿಂದ ನಾಲ್ಕಾರು ತಾಸು ಬಣ್ಣದಲ್ಲಿ ಇಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಹಿನ್ನೆಲೆಯೂ ಏರುತ್ತದೆ. ಗಟ್ಟಿ ಜೀನಿಗೆ ಮಾಫಿಯಾಗುವ ಸಣ್ಣ ತಪ್ಪುಗಳು ಇಲ್ಲಿ ಮಾಫಿಯಾಗುವುದಿಲ್ಲ.

ಮೊದಲು ನಾಲ್ಕು ಟ್ಯೂಬ್

ಯಾವ ದ್ರಾವಣವನ್ನೂ ಬದಲಿಸುವ ಮುನ್ನ ಒಂದೇ ಬ್ಯಾಚಿನ ಭ್ರೂಣಗಳನ್ನು ಟ್ಯೂಬಿಗೆ 15–20ರಂತೆ ನಾಲ್ಕು ಕಡೆ ಹಂಚಿ. ಒಂದನೆಯದಕ್ಕೆ ಎಫಾ4ಎ ಜೀನಿನ ಆಂಟಿಸೆನ್ಸ್ (ಎಮ್‌ಆರ್‌ಎನ್‌ಎಗೆ ಜೋಡಿಯಾಗಿ ಅಂಟುವ ಪ್ರೋಬ್), ಎರಡನೆಯದಕ್ಕೆ ನಿಮ್ಮ ಜೀನಿನ ಆಂಟಿಸೆನ್ಸ್, ಮೂರನೆಯದಕ್ಕೆ ನಿಮ್ಮ ಜೀನಿನ ಸೆನ್ಸ್ (ಎಮ್‌ಆರ್‌ಎನ್‌ಎಯಂತೆಯೇ ಇದ್ದು ಅದಕ್ಕೆ ಅಂಟದ ಪ್ರೋಬ್), ನಾಲ್ಕನೆಯದಕ್ಕೆ ಪ್ರೋಬೇ ಇಲ್ಲ. ಎಫಾ4ಎ ಕೂಡ ರಿಸೆಪ್ಟರ್ ಜೀನೇ. ಹಿಂಮೆದುಳಿನ 3 ಮತ್ತು 5ನೇ ರೋಂಬೋಮಿಯರಿನಲ್ಲಿ (ಹೋಳಿನಲ್ಲಿ) ಅಡ್ಡಲಾಗಿ ಎರಡು ಪಟ್ಟಿ ಬರುತ್ತವೆ. ಬೇರೆಡೆಯೂ ಬಣ್ಣ ಬರುತ್ತದೆ, ಆದರೆ ಪರೀಕ್ಷೆಗೆ ಆ ಎರಡು ಪಟ್ಟಿ ಸಾಕು. ಇಜಿಆರ್2ಬಿಯದೂ ಅದೇ ಜಾಗ. ಅದು ಮಾತ್ರ ಕಂಟ್ರೋಲ್ ಆಗಿದ್ದರೆ ಸಾಲದು, ಏಕೆಂದರೆ ಅರ್ಧ ಕೆಟ್ಟ ಪ್ರಯೋಗದಲ್ಲೂ ಅದು ಹೊಳೆದು ನಿಮ್ಮನ್ನು ಮೋಸ ಮಾಡುತ್ತದೆ.

ಎಫಾ4ಎ ಸರಿ ಬಂದು ನಿಮ್ಮದು ಬರದಿದ್ದರೆ ಸಮಸ್ಯೆ ಪ್ರೋಬಿನದು, ಹಂತದ್ದು, ಅಥವಾ ಜೀನ್ ಅಲ್ಲಿ ನಿಜಕ್ಕೂ ಚಾಲೂ ಇಲ್ಲ. ಎರಡೂ ಬರದಿದ್ದರೆ ಎಲ್ಲ ಟ್ಯೂಬಿಗೂ ಸಾಮಾನ್ಯವಾದ ಹೆಜ್ಜೆ ಕೆಟ್ಟಿದೆ. ಪ್ರೋಬಿಲ್ಲದ ಟ್ಯೂಬ್ ನೇರಳೆಯಾದರೆ ಆಂಟಿಬಾಡಿ ಅಥವಾ ಬಣ್ಣದ ಹಂತ. ಅದು ಸ್ವಚ್ಛವಿದ್ದು ಸೆನ್ಸ್ ಮಾತ್ರ ಬಣ್ಣ ಹಿಡಿದರೆ ಹೈಬ್ರಿಡೈಸೇಶನ್ನಿನ ಬಿಗಿ ಸಾಲದು, ಇಲ್ಲವೇ ಪ್ರೋಬ್ ಟೆಂಪ್ಲೇಟಿನಲ್ಲೇ ತಪ್ಪಿದೆ. ಸೆನ್ಸಿನಲ್ಲಿ ಚೆಂದದ ನಮೂನೆ ಬಂದು ಆಂಟಿಸೆನ್ಸ್ ಖಾಲಿ ಉಳಿದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ: ಎರಡರ ಚೀಟಿ ಅದಲುಬದಲಾಗಿವೆ, ಅಥವಾ ಪ್ಲಾಸ್ಮಿಡ್ಡಿನಲ್ಲಿ ತುಣುಕು ತಿರುಗಿ ಕೂತಿದೆ.

ಎರಡೂ ಖಾಲಿ: ಕೊನೆಯಿಂದ ಹಿಂದಕ್ಕೆ ಬನ್ನಿ

ಅಗ್ಗದ ಪರೀಕ್ಷೆ ಮೊದಲು. ಬಣ್ಣದ ದ್ರಾವಣ 100 ಮೈಕ್ರೋಲೀಟರ್ ತೆಗೆದು ಅದಕ್ಕೆ ದುರ್ಬಲಗೊಳಿಸಿದ ಆಂಟಿಬಾಡಿ 1 ಮೈಕ್ರೋಲೀಟರ್ ಬೆರೆಸಿ. ಕೆಲವು ನಿಮಿಷಗಳಲ್ಲಿ ನೇರಳೆಗೆ ತಿರುಗಬೇಕು. ತಿರುಗದಿದ್ದರೆ ಆಂಟಿಬಾಡಿಯ ಕಿಣ್ವ ಸತ್ತಿದೆ ಅಥವಾ ಬಫರ್ ಕೆಟ್ಟಿದೆ. 10 ಮಿಲಿಲೀಟರ್ ಬಫರಿಗೆ ಪಿಎಚ್ 9.5ರ 1 ಮೋಲಾರ್ ಟ್ರಿಸ್ 1 ಮಿಲಿ, 1 ಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ 0.5 ಮಿಲಿ, 5 ಮೋಲಾರ್ ಸೋಡಿಯಂ ಕ್ಲೋರೈಡ್ 0.2 ಮಿಲಿ, 10% ಟ್ವೀನ್-20 0.1 ಮಿಲಿ, ನೀರು 8.2 ಮಿಲಿ. ಇದನ್ನು ಅಂದಂದೇ ಕಲಸಬೇಕು. ನಿನ್ನೆಯದಕ್ಕೆ ಮೆಗ್ನೀಸಿಯಂ ತಳ ಕಂಡಿರುತ್ತದೆ, ಪಿಎಚ್ ಕೂಡ ಇಳಿದಿರುತ್ತದೆ. ಮಿಲಿಗೆ 50 ಮಿಗ್ರಾಂ ಇರುವ ಎನ್‌ಬಿಟಿ 4.5 ಮೈಕ್ರೋಲೀಟರ್, ಅಷ್ಟೇ ಸಾಂದ್ರತೆಯ ಬಿಸಿಐಪಿ 3.5 ಮೈಕ್ರೋಲೀಟರ್ ಪ್ರತಿ ಮಿಲಿಗೆ ಹಾಕಿ, ಬೆಳಕು ತಾಗದಂತೆ ಮುಚ್ಚಿ.

ಹನಿ ಪರೀಕ್ಷೆ ಪಾಸಾಗಿ ಭ್ರೂಣ ಮಾತ್ರ ಬೆಳ್ಳಗಿದ್ದರೆ ಪಿಬಿಟಿಯ (ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪುನೀರಿಗೆ ಟ್ವೀನ್ ಬೆರೆಸಿದ ತೊಳೆಯುವ ದ್ರಾವಣ) ಉಳಿಕೆ ನೋಡಿ. ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ, ಜೊತೆಗೆ ಮೆಗ್ನೀಸಿಯಂ ಜೊತೆ ಸೇರಿ ಬಿಳಿ ಹರಳಾಗುತ್ತದೆ. ಬಣ್ಣ ಹಾಕುವ ಮುಂಚೆ ಬಫರಿನಲ್ಲಿ ಮೂರು ಸಲ, ಸಲಕ್ಕೆ 5 ನಿಮಿಷ. ಟ್ಯೂಬಿನ ಮುಚ್ಚಳದ ಒಳಗೆ ಅಂಟಿದ ಪಿಬಿಟಿಯನ್ನೂ ಬಿಡಬೇಡಿ.

ಆಮೇಲೆ ಡಾಟ್ ಬ್ಲಾಟ್. ಪ್ರೋಬನ್ನು ಹತ್ತು ಪಟ್ಟಿನಂತೆ ಇಳಿಸುತ್ತ ನೈಲಾನ್ ಪೊರೆಯ ಮೇಲೆ 1 ಮೈಕ್ರೋಲೀಟರ್ ಚುಕ್ಕೆಗಳಿಟ್ಟು, ಯುವಿಯಲ್ಲಿ ಅಂಟಿಸಿ, ಅದೇ ಆಂಟಿಬಾಡಿ, ಅದೇ ಬಣ್ಣ ಕೊಡಿ. ಅರ್ಧ ದಿನದ ಕೆಲಸ. ಡಿಗ್ ಸೇರಿದೆಯೋ ಇಲ್ಲವೋ ಎಂಬ ಜಗಳ ಅಲ್ಲಿಗೆ ಮುಗಿಯುತ್ತದೆ. ಚುಕ್ಕೆ ಚೆನ್ನಾಗಿ ಬಂದರೆ ಉಳಿದದ್ದು ಭ್ರೂಣ: ಫಿಕ್ಸ್ (ಭ್ರೂಣವನ್ನು ರಾಸಾಯನಿಕದಲ್ಲಿ ಗಟ್ಟಿಮಾಡುವುದು) ಮತ್ತು ಪ್ರೋಟೀನೇಸ್ ಕೆ (ಪ್ರೋಬ್ ಒಳಹೋಗುವಂತೆ ಪ್ರೋಟೀನ್ ಸವೆಸುವ ಕಿಣ್ವ).

ಪ್ರೋಟೀನೇಸ್ ಕೆ ಹದ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೈಕೊಡುವ ಹೆಜ್ಜೆ ಇದು. ಮಿಲಿಗೆ 10 ಮೈಕ್ರೋಗ್ರಾಂ ಹಿಡಿದರೆ ರೂಢಿಯ ಸಮಯಗಳು ಹೀಗಿವೆ: 1–8 ಸೋಮೈಟಿಗೆ (ಬೆನ್ನುದ್ದಕ್ಕೂ ಒಂದೊಂದಾಗಿ ಮೂಡುವ ಹೋಳುಗಳ ಎಣಿಕೆ) 1 ನಿಮಿಷ, 9–18 ಸೋಮೈಟಿಗೆ 3 ನಿಮಿಷ, ಅಲ್ಲಿಂದ 24 ಗಂಟೆಯವರೆಗೆ 10 ನಿಮಿಷ, 36 ಗಂಟೆ ಮತ್ತು ಮೇಲಕ್ಕೆ 30 ನಿಮಿಷ. ಇವೆಲ್ಲ ‘ಕೋಣೆಯ ತಾಪಮಾನ’ದಲ್ಲಿ ಎಂದು ಪ್ರೋಟೋಕಾಲ್ ಹೇಳುತ್ತದೆ. ಯಾರ ಕೋಣೆ? ಬರೆದವರ ಕೋಣೆ 22–25 ಡಿಗ್ರಿ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಮುಟ್ಟುವ ವಿಜಯಪುರದಲ್ಲಿ ಎಸಿ ಇಲ್ಲದ ಬೆಂಚು 34–35 ಇರುತ್ತದೆ. ಡಿಸೆಂಬರಿನ ಬೆಳಗಾವಿಯ ಬೆಳಗು 20ಕ್ಕೂ ಕೆಳಗೆ. ಒಂದೇ ಹತ್ತು ನಿಮಿಷ ಅಲ್ಲಿ ಭ್ರೂಣವನ್ನು ಸವೆಸುತ್ತದೆ, ಇಲ್ಲಿ ಬಾಗಿಲನ್ನೂ ತೆರೆಯುವುದಿಲ್ಲ. ಟ್ಯೂಬುಗಳನ್ನು 25 ಡಿಗ್ರಿ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಮಾಡಿ. ಪಾತ್ರೆಗೆ ಐಸ್ ತುಂಡು ಅಥವಾ ಬಿಸಿನೀರು ಹಾಕುತ್ತ ಥರ್ಮಾಮೀಟರ್ ನೋಡುವುದೇ ಸಾಕು, ಯಂತ್ರ ಬೇಕಿಲ್ಲ.

ಹೊಸ ಸೀಸೆ ಒಡೆದಾಗಲೆಲ್ಲ 24 ಗಂಟೆಯ ಭ್ರೂಣಕ್ಕೆ 5, 10, 15, 20 ನಿಮಿಷ ಕೊಟ್ಟು ನೋಡಿ. ಇದನ್ನು ಓದಲು ಎರಡು ರಿಸೆಪ್ಟರ್ ಒಟ್ಟಿಗೆ ಬೇಕು. ಎಟಿಪಿ ರಿಸೆಪ್ಟರಾದ ಪಿ2ಆರ್‌ಎಕ್ಸ್3ಎ ಮುಖದ ಸ್ಪರ್ಶ ಅರಿಯುವ ಟ್ರೈಜೆಮಿನಲ್ ನರಕೋಶಗಳಲ್ಲೂ, ಬೆನ್ನುಹುರಿಯ ಮೇಲ್ಭಾಗದಲ್ಲಿ ಸಾಲಾಗಿ ಕೂತ ರೋಹಾನ್-ಬಿಯರ್ಡ್ ಕೋಶಗಳಲ್ಲೂ ಬರುತ್ತದೆ; ಎಫಾ4ಎ ಹಿಂಮೆದುಳಿನ ಆಳದಲ್ಲಿದೆ. ಮೇಲಿನ ರೋಹಾನ್-ಬಿಯರ್ಡ್ ಚುಕ್ಕೆಗಳು ಅಲ್ಲಲ್ಲಿ ಉದುರಿ, ಒಳಗಿನ ಪಟ್ಟಿ ಗಾಢವಿದ್ದರೆ ಕಿಣ್ವ ಅತಿಯಾಗಿದೆ. ಚುಕ್ಕೆ ತುಂಬಿ, ಪಟ್ಟಿ ಮಸುಕಾಗಿದ್ದರೆ ಸಾಲದು. ಬಣ್ಣಕ್ಕೆ ಕಾಯದೆಯೂ ಅತಿಯಾದದ್ದು ತಿಳಿಯುತ್ತದೆ: ಬಾಲದ ರೆಕ್ಕೆಯ ಅಂಚು ನಯವಾಗಿರದೆ ಹರಿದ ಬಟ್ಟೆಯಂತೆ ನೂಲುನೂಲಾಗುತ್ತದೆ, ಕಣ್ಣಿನ ಸುತ್ತ ಸೀಳು ಬೀಳುತ್ತದೆ, ಪಿಪೆಟ್ಟಿನಲ್ಲಿ ಎಳೆದಾಗ ಯೋಕ್ ಕಳಚುತ್ತದೆ. ಕಿಣ್ವದ ನಂತರ ಪಿಬಿಟಿಯಲ್ಲಿ ಎರಡು ಸಲ ಬೇಗ ಜಾಲಿಸಿ, 4% ಪಿಎಫ್‌ಎಯಲ್ಲಿ (ಪ್ಯಾರಾಫಾರ್ಮಾಲ್ಡಿಹೈಡ್) 20 ನಿಮಿಷ ಮರುಫಿಕ್ಸ್ ಮಾಡಲೇಬೇಕು. ಇದನ್ನು ಹಾರಿಸಿದ ಭ್ರೂಣ ಪ್ರೋಬ್ ಅಂಟಿಸುವ ರಾತ್ರಿಯ 65–70 ಡಿಗ್ರಿಯಲ್ಲಿ ಕರಗಿ ಗಂಜಿಯಾಗುತ್ತದೆ.

ಫಿಕ್ಸ್ ಮತ್ತು ನೀರು

ಪಿಎಫ್‌ಎ 4 ಗ್ರಾಂ, ಪಿಬಿಎಸ್ 100 ಮಿಲಿ, 60–65 ಡಿಗ್ರಿ ಬಿಸಿ, ಕರಗಲು ಸೋಡಿಯಂ ಹೈಡ್ರಾಕ್ಸೈಡ್ ಕೆಲವೇ ಹನಿ. ತಣಿಸಿ, ಸೋಸಿ, ಪಿಎಚ್ 7.4ಕ್ಕೆ ತಂದು, ಸಣ್ಣ ಟ್ಯೂಬುಗಳಲ್ಲಿ ಮೈನಸ್ 20ರಲ್ಲಿ ಇಡಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಭ್ರೂಣ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇರಲಿ. 24 ಗಂಟೆಯವನ್ನು ಫಿಕ್ಸಿಗೆ ಮುನ್ನವೇ ಹೊರಪೊರೆಯಿಂದ ಬಿಡಿಸಿ, ಇಲ್ಲದಿದ್ದರೆ ಬಾಲ ಸುತ್ತಿಕೊಂಡೇ ಗಟ್ಟಿಯಾಗುತ್ತದೆ. ಆಮೇಲೆ ಮೆಥನಾಲಿನಲ್ಲಿ ಮೈನಸ್ 20ರಲ್ಲಿ ಕನಿಷ್ಠ 2 ತಾಸು, ಒಂದು ರಾತ್ರಿಯಾದರೆ ಒಳ್ಳೆಯದು. ಮೆಥನಾಲಿನಲ್ಲಿ ತಿಂಗಳುಗಟ್ಟಲೆ ಇಡಬಹುದು, ಹಾಗಾಗಿ ಬೇಸಿಗೆಯಲ್ಲಿ ಮಧ್ಯೆ ನಿಲ್ಲಿಸಲು ಸುರಕ್ಷಿತ ತಾಣ ಇದೊಂದೇ.

ಬಾಗಲಕೋಟೆ, ವಿಜಯಪುರದ ಹಲವೆಡೆ ಬೋರ್ ನೀರು ಗಡಸು. ಅದರಲ್ಲಿ ಪಿಬಿಎಸ್ ಕಲಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಇಳಿದು ಭ್ರೂಣದ ಮೈಮೇಲೆ ಮರಳಿನಂತೆ ಕೂರುತ್ತದೆ. 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಕೂಡ ಬೇಡ, ಅದರಲ್ಲೂ ಖನಿಜ ಉಳಿದಿರುತ್ತದೆ. ಎರಡು ಸಲ ಬಟ್ಟಿ ಇಳಿಸಿದ ನೀರೇ ಬೇಕು, ಗಾಜಿನ ಸಾಮಾನಿನ ಕೊನೆಯ ಜಾಲಿಕೆಗೂ ಅದೇ. ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಕಿಣ್ವವನ್ನು ಕೊಲ್ಲಲು ನೀರಿಗೆ 0.1% ಡಿಇಪಿಸಿ ಬೆರೆಸಿ ರಾತ್ರಿ ಬಿಟ್ಟು ಆಟೋಕ್ಲೇವ್ ಮಾಡಿ. ಟ್ರಿಸ್ ಇರುವ ದ್ರಾವಣಕ್ಕೆ ಡಿಇಪಿಸಿ ನೇರವಾಗಿ ಹಾಕಬಾರದು, ಅದು ಟ್ರಿಸ್ ಜೊತೆಗೇ ಕೂಡಿ ವ್ಯರ್ಥವಾಗುತ್ತದೆ. ಭ್ರೂಣ ಬೆಳೆಸುವ ಇ3 ಕೂಡ ಬಟ್ಟಿ ನೀರಿನಲ್ಲೇ: ಲೀಟರಿಗೆ ಸೋಡಿಯಂ ಕ್ಲೋರೈಡ್ 0.29 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 13 ಮಿಗ್ರಾಂ, ಎರಡು ನೀರಿನ ಕ್ಯಾಲ್ಸಿಯಂ ಕ್ಲೋರೈಡ್ 49 ಮಿಗ್ರಾಂ, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 81 ಮಿಗ್ರಾಂ.

ಎಫಾ4ಎ ಬಂತು, ನಿಮ್ಮದು ಬರಲಿಲ್ಲ

ಮೊದಲು ಹಂತ ಸರಿಯೇ ನೋಡಿ. ‘24 ಗಂಟೆ’ ಎಂಬುದು 28.5 ಡಿಗ್ರಿಯ ಲೆಕ್ಕ. ಕಿಮ್ಮೆಲ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ಸೂತ್ರ ಸರಳ: ತಾಪಮಾನವನ್ನು 0.055ರಿಂದ ಗುಣಿಸಿ 0.57 ಕಳೆಯಿರಿ, 28.5ರಲ್ಲಿ ಬೇಕಾಗುವ ಗಂಟೆಯನ್ನು ಆ ಉತ್ತರದಿಂದ ಭಾಗಿಸಿ. 33 ಡಿಗ್ರಿಯಲ್ಲಿ 24 ಗಂಟೆಯ ಹಂತ 19 ಗಂಟೆ ಚಿಲ್ಲರೆಗೇ ಬರುತ್ತದೆ. 25ರಲ್ಲಿ ಸುಮಾರು 30 ಗಂಟೆ ಬೇಕು. ಈ ಎರಡು ಅಂಚಿನಾಚೆ ಸೂತ್ರ ಹಿಡಿಯಬೇಡಿ, ಭ್ರೂಣವೇ ಸರಿಯಾಗಿ ಬೆಳೆಯುವುದಿಲ್ಲ. ಗಡಿಯಾರಕ್ಕಿಂತ ಸೋಮೈಟ್ ಎಣಿಕೆ ನಂಬಿ. ನರಫಲಕ ರೂಪುಗೊಳ್ಳುವ 10 ಗಂಟೆಯಿಂದ ಬಾಲ ಅದುರತೊಡಗುವ 17 ಗಂಟೆಯವರೆಗೆ ರಿಸೆಪ್ಟರ್ ನಮೂನೆ ಬೇಗ ಬೇಗ ಬದಲಾಗುವ ಕಾಲ. ಎರಡು ತಾಸು ತಪ್ಪಿದರೂ ಚಿತ್ರವೇ ಬೇರೆ.

ಆ ಹಂತದಲ್ಲಿ ಎಮ್‌ಆರ್‌ಎನ್‌ಎ ಇದೆಯೇ ಎಂದು ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಹೆಚ್ಚಿಸುವ ಪರೀಕ್ಷೆ) ಮಾಡಿ. 30–50 ಭ್ರೂಣ ಸಾಕು. ಎರಡು ಪ್ರೈಮರುಗಳ ನಡುವೆ ಇಂಟ್ರಾನ್ (ಎಮ್‌ಆರ್‌ಎನ್‌ಎಯಲ್ಲಿ ಕತ್ತರಿಸಿ ಹೋಗುವ ಭಾಗ) ಬರುವಂತೆ ಆರಿಸಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಟ್ಯೂಬ್ ಒಂದಿರಲಿ. 2 ಗಂಟೆಯ ಭ್ರೂಣದಲ್ಲಿ ಬ್ಯಾಂಡ್ ಬಂದರೆ ಹಿಗ್ಗಬೇಡಿ: ಭ್ರೂಣದ ಸ್ವಂತ ಜೀನುಗಳು ದೊಡ್ಡ ಪ್ರಮಾಣದಲ್ಲಿ ಚಾಲೂ ಆಗುವುದು ಸುಮಾರು 3 ಗಂಟೆಗೆ, ಅದಕ್ಕೂ ಮುಂಚಿನದು ತಾಯಿ ಮೊಟ್ಟೆಯಲ್ಲಿಟ್ಟ ಗಂಟು. ಬ್ಯಾಂಡ್ ಇದ್ದೂ ಇನ್ ಸಿಟು ಖಾಲಿಯೆಂದರೆ ‘ಜೀನ್ ಚಾಲೂ ಇಲ್ಲ’ ಎಂದು ವರದಿಯಲ್ಲಿ ಬರೆಯುವಂತಿಲ್ಲ.

ಪ್ರೋಬ್ ವಿಷಯ. ಪಿಸಿಆರ್ ಟೆಂಪ್ಲೇಟ್ ಆದರೆ ಆಂಟಿಸೆನ್ಸಿಗೆ ಟಿ7 ಪ್ರಮೋಟರ್ (ಆರ್‌ಎನ್‌ಎ ನಕಲು ಶುರುವಾಗುವ ಜಾಗ) ರಿವರ್ಸ್ ಪ್ರೈಮರಿನ ಬಾಲದಲ್ಲಿರಬೇಕು. ಪ್ಲಾಸ್ಮಿಡ್ ಆದರೆ ಕೆಪಿಎನ್1, ಪಿಎಸ್‌ಟಿ1, ಎಸ್‌ಎಸಿ1 ಕಿಣ್ವಗಳಿಂದ ಕತ್ತರಿಸಬೇಡಿ. ಅವು 3 ಪ್ರೈಮ್ ತುದಿಯನ್ನು ಚಾಚಿ ಬಿಡುತ್ತವೆ, ಪಾಲಿಮರೇಸ್ ಅಲ್ಲಿಂದ ತಿರುಗಿ ಇನ್ನೊಂದು ಎಳೆಯನ್ನೂ ನಕಲು ಮಾಡಿ ಹಿನ್ನೆಲೆ ಎಬ್ಬಿಸುತ್ತದೆ. 20 ಮೈಕ್ರೋಲೀಟರ್ ರಿಯಾಕ್ಷನ್ನಿನಲ್ಲಿ 1 ಮೈಕ್ರೋಗ್ರಾಂ ಟೆಂಪ್ಲೇಟ್, 37 ಡಿಗ್ರಿ, 2 ತಾಸು: ಸುಮಾರು 10 ಮೈಕ್ರೋಗ್ರಾಂ ಆರ್‌ಎನ್‌ಎ ಬರಬೇಕು. ಐಸ್ ಮೇಲೆ ಕಲಸುವ ಅಭ್ಯಾಸ ಇಲ್ಲಿ ತಪ್ಪು, ಬಫರಿನ ಸ್ಪರ್ಮಿಡಿನ್ ತಂಪಿನಲ್ಲಿ ಡಿಎನ್‌ಎಯನ್ನು ಕೆಳಗಿಳಿಸುತ್ತದೆ. ಕಿಣ್ವ ಮಾತ್ರ ಐಸಿನಲ್ಲಿರಲಿ. ಜೆಲ್‌ನಲ್ಲಿ ಕೆಳಗೆ ಮಸಿ ಬಳಿದಂತಾದರೆ ಆರ್‌ಎನ್‌ಏಸ್. ಎರಡು ಬ್ಯಾಂಡ್ ಬಂದರೆ ಫಾರ್ಮಮೈಡಿನಲ್ಲಿ 70 ಡಿಗ್ರಿ 5 ನಿಮಿಷ ಕಾಯಿಸಿ ಮತ್ತೆ ಓಡಿಸಿ, ಮಡಿಕೆಯಿಂದಾದ ಬ್ಯಾಂಡ್ ಆಗ ಹೋಗುತ್ತದೆ. ಉದ್ದ 600–1200 ಬೇಸ್ ಅನುಕೂಲ. 200 ಮೈಕ್ರೋಲೀಟರ್ ಹೈಬ್ರಿಡೈಸೇಶನ್ ಮಿಶ್ರಣಕ್ಕೆ 50 ನ್ಯಾನೋಗ್ರಾಂ ಪ್ರೋಬಿನಿಂದ ಶುರುಮಾಡಿ. ದುರ್ಬಲ ರಿಸೆಪ್ಟರಿಗೆ 100–200ರವರೆಗೆ ಏರಿಸಬಹುದು. ಅದರಾಚೆ ಹೆಚ್ಚುವುದು ಹಿನ್ನೆಲೆ ಮಾತ್ರ.

ರಾತ್ರಿ 65–70 ಡಿಗ್ರಿ, ಮತ್ತು ಕರೆಂಟು

ಹೈಬ್ರಿಡೈಸೇಶನ್ ಮಿಶ್ರಣ: 50% ಫಾರ್ಮಮೈಡ್, 5× ಎಸ್‌ಎಸ್‌ಸಿ (ಉಪ್ಪು-ಸಿಟ್ರೇಟ್ ದ್ರಾವಣ), 0.1% ಟ್ವೀನ್-20, ಮಿಲಿಗೆ 50 ಮೈಕ್ರೋಗ್ರಾಂ ಹೆಪಾರಿನ್, 500 ಮೈಕ್ರೋಗ್ರಾಂ ಟಿಆರ್‌ಎನ್‌ಎ, ಸಿಟ್ರಿಕ್ ಆಮ್ಲದಿಂದ ಪಿಎಚ್ 6. ವಾಟರ್ ಬಾತಿನ ಡಿಸ್‌ಪ್ಲೇ ನಂಬಬೇಡಿ. ಗಡಸು ನೀರು ತುಂಬಿದ ಬಾತಿನ ಕಾಯಿಲ್ ಮತ್ತು ಸೆನ್ಸರಿಗೆ ಸುಣ್ಣ ಕಟ್ಟಿ, 68 ಎಂದು ತೋರಿಸುವಾಗ ಟ್ಯೂಬಿನೊಳಗೆ 62 ಇರಬಹುದು. ನೀರು ತುಂಬಿದ ಟ್ಯೂಬಿನಲ್ಲಿ ಗಾಜಿನ ಥರ್ಮಾಮೀಟರ್ ಅದ್ದಿ ಅಳೆಯಿರಿ. ಬಾತಿನ ನೀರು ರಾತ್ರಿ ಆರಿ ಟ್ಯೂಬ್ ಒಣಗದಂತೆ ಮುಚ್ಚಳ ಹಾಕಿ.

ರಾತ್ರಿ ಕರೆಂಟು ಎಷ್ಟು ಹೊತ್ತು ಹೋಗಿತ್ತೆಂದು ಬೆಳಿಗ್ಗೆ ತಿಳಿಯಲು, ಬ್ಯಾಟರಿ ಇಲ್ಲದೆ ನೇರ ಪ್ಲಗ್ಗಿಗೆ ಓಡುವ ಮುಳ್ಳಿನ ಗಡಿಯಾರವನ್ನು ಅದೇ ಬೋರ್ಡಿಗೆ ಹಾಕಿಡಿ. ಎಷ್ಟು ಹಿಂದೆ ಬಿದ್ದಿದೆಯೋ ಅಷ್ಟು ಹೊತ್ತು. ಒಂದೆರಡು ತಾಸು ಹೋಗಿದ್ದರೆ ಭ್ರೂಣ ಎಸೆಯಬೇಕಿಲ್ಲ. ಮತ್ತೆ 68ಕ್ಕೆ ಏರಿಸಿ 3–4 ತಾಸು ಬಿಡಿ, ಬಳಿಕ 0.2× ಎಸ್‌ಎಸ್‌ಸಿಯ ಎರಡು 30 ನಿಮಿಷದ ತೊಳೆತವನ್ನು ಪೂರ್ತಿ ಬಿಸಿಯಲ್ಲೇ ಮಾಡಿ. ತಂಪಿನಲ್ಲಿ ಅಂಟಿದ ಸಡಿಲ ಪ್ರೋಬ್ ಕಳಚುವುದು ಅಲ್ಲೇ. ತೊಳೆಯುವ ದ್ರಾವಣವನ್ನು ಮೊದಲೇ ಕಾಯಿಸಿಟ್ಟಿರಬೇಕು. ತಣ್ಣನೆಯ ಎಸ್‌ಎಸ್‌ಸಿ ಸುರಿದು ಬಾತಿಗಿಟ್ಟರೆ ಮೊದಲ ಹತ್ತು ನಿಮಿಷ ವ್ಯರ್ಥ.

ಎಲ್ಲವೂ ನೇರಳೆ

ಪ್ರೋಬಿಲ್ಲದ ಟ್ಯೂಬೂ ನೇರಳೆಯೇ? ಆಂಟಿಬಾಡಿಯನ್ನು 5000ಕ್ಕೆ 1ರ ಬದಲು 10000ಕ್ಕೆ 1 ಮಾಡಿ. ಫಿಕ್ಸ್ ಆದ ಬೇಡದ ಭ್ರೂಣಗಳ ಜೊತೆ ಮೊದಲೇ ಒಂದೆರಡು ತಾಸು ತಿರುಗಿಸಿದರೆ ಅಂಟುವ ಭಾಗ ಅಲ್ಲೇ ಉಳಿಯುತ್ತದೆ. ಸ್ಟಾಕನ್ನು ಬಳಸುವ ಮುಂಚೆ ಸೆಂಟ್ರಿಫ್ಯೂಜ್ ಮಾಡದಿದ್ದರೆ ಚರ್ಮದ ಮೇಲೆ ಚೆಲ್ಲಾಪಿಲ್ಲಿ ಕಪ್ಪು ಚುಕ್ಕೆಗಳು. ಬ್ಲಾಕಿಗೆ 2% ಕುರಿ ಸೀರಂ, ಮಿಲಿಗೆ 2 ಮಿಗ್ರಾಂ ಬಿಎಸ್‌ಎ, 3–4 ತಾಸು. ಆಂಟಿಬಾಡಿ ನಂತರ ಪಿಬಿಟಿ 15 ನಿಮಿಷದಂತೆ ಆರು ಸಲ ಎಂಬುದು ಕನಿಷ್ಠ. ದೀರ್ಘ ಬಣ್ಣದ ರಿಸೆಪ್ಟರಿಗೆ ಅರ್ಧ ತಾಸಿನಂತೆ ಎಂಟು ಸಲ. ಟ್ಯೂಬಿನಲ್ಲಿ ಮೂವತ್ತು ದಾಟಿ ಭ್ರೂಣ ತುರುಕಿದರೆ ಎಷ್ಟು ತೊಳೆದರೂ ಅಷ್ಟೇ.

ಬಣ್ಣವನ್ನು ಅರ್ಧ ತಾಸಿಗೊಮ್ಮೆ ನೋಡಿ. ದ್ರಾವಣವೇ ನೇರಳೆಯಾದರೆ ಬದಲಿಸಿ. ಸಂಜೆಯಾದರೂ ಮುಗಿಯದಿದ್ದರೆ 4 ಡಿಗ್ರಿಗಿಟ್ಟು ಬೆಳಿಗ್ಗೆ ಮುಂದುವರಿಸಬಹುದು. ಪ್ರೋಬಿಲ್ಲದ ಟ್ಯೂಬ್ ಗುಲಾಬಿಗೆ ತಿರುಗತೊಡಗಿತೆಂದರೆ ಎಲ್ಲವನ್ನೂ ನಿಲ್ಲಿಸುವ ಹೊತ್ತು. ಪಿಎಚ್ 5.5ರ ಪಿಬಿಎಸ್‌ಗೆ 1 ಮಿಲಿಮೋಲಾರ್ ಇಡಿಟಿಎ ಸೇರಿಸಿ ನಿಲ್ಲಿಸಿ. ಗುಲಾಬಿ-ಕಂದು ಹಿನ್ನೆಲೆ ಮೆಥನಾಲಿನಲ್ಲಿ ಸಾಕಷ್ಟು ಇಳಿಯುತ್ತದೆ, ನಿಜವಾದ ಬಣ್ಣ ನೀಲಿಗೆ ವಾಲಿ ಉಳಿಯುತ್ತದೆ.

ಬಣ್ಣ ಬಂದಿದೆ, ಜಾಗ ಅನುಮಾನ

24 ಗಂಟೆಯ ನಂತರ ಹಿಂಮೆದುಳಿನ ಕುಹರ ದೊಡ್ಡದಾಗಿ ತೆರೆದಿರುತ್ತದೆ. ಪ್ರೋಬೂ ಆಂಟಿಬಾಡಿಯೂ ಒಳಹೊಕ್ಕು ಹೊರಬರದೆ ಕೂರುತ್ತವೆ. ಒಳಕಿವಿಯ ಚೀಲದ್ದೂ ಅದೇ ಕತೆ. ‘ಮಿದುಳಿನಲ್ಲಿ ವ್ಯಾಪಕ ಅಭಿವ್ಯಕ್ತಿ’ ಎಂದು ಬರೆದ ಎಷ್ಟೋ ಚಿತ್ರಗಳು ಇದೇ ಸಿಕ್ಕಿಬಿದ್ದ ಬಣ್ಣ ಎಂಬ ಅನುಮಾನ ನಮಗಿದೆ. 20× ಅಥವಾ 40× ಲೆನ್ಸಿನಲ್ಲಿ ಫೋಕಸ್ ಮೇಲೆ ಕೆಳಗೆ ಆಡಿಸಿ. ನಿಜವಾದ ಸಿಗ್ನಲ್ ಆದರೆ ಒಂದೊಂದು ಕೋಶದ ಅಂಚು ಕಾಣುತ್ತದೆ, ನಡುವಿನ ನ್ಯೂಕ್ಲಿಯಸ್ ತಿಳಿಯಾಗಿದ್ದು ಸುತ್ತಲಿನ ಸೈಟೋಪ್ಲಾಸಂ ಬಣ್ಣ ಹಿಡಿದಿರುತ್ತದೆ. ಸಿಕ್ಕಿಬಿದ್ದದ್ದಾದರೆ ಕೋಶದ ಗಡಿಯೇ ಇಲ್ಲದೆ ಕುಹರದ ಆಕಾರದಲ್ಲಿ ಮೋಡ ಕವಿದಿರುತ್ತದೆ, ಸೆನ್ಸ್ ಟ್ಯೂಬಿನಲ್ಲೂ ಅದೇ ಹೊತ್ತಿಗೆ ಬರುತ್ತದೆ. ಮೆಥನಾಲಿನಿಂದ ಪಿಬಿಟಿಗೆ ಬಂದ ಮೇಲೆ ಮೆಡಿಕಲ್ ಶಾಪಿನ 31 ಗೇಜ್ ಇನ್ಸುಲಿನ್ ಸೂಜಿಯಿಂದ ಕುಹರದ ತೆಳು ಚಾವಣಿಗೆ ಒಂದೇ ಚುಚ್ಚು ಕೊಡಿ. ಆಳಕ್ಕೆ ಹೋದರೆ ರೋಂಬೋಮಿಯರ್ ಹರಿಯುತ್ತದೆ.

ಇನ್ನೊಂದು ಗೊಂದಲ ಜೋಡಿ ಜೀನುಗಳದ್ದು. ಜೀಬ್ರಾಮೀನು ಸೇರಿದ ಟೆಲಿಯಾಸ್ಟ್ ಮೂಳೆಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಯಿತು; ಅದರ ಕುರುಹಾಗಿ ನಾಚ್1ಎ-ನಾಚ್1ಬಿ, ಎಫಾ4ಎ-ಎಫಾ4ಬಿ ಹೀಗೆ ಜೋಡಿಗಳು ಉಳಿದಿವೆ. ರಿಸೆಪ್ಟರಿನ ಕೈನೇಸ್ ಭಾಗದ ಮೇಲೆ ಪ್ರೋಬ್ ಮಾಡಿದರೆ ಒಡಹುಟ್ಟಿದ ಜೀನಿಗೂ, ಕುಟುಂಬದ ಬೇರೆಯವಕ್ಕೂ ಅಂಟುತ್ತದೆ. ಉದ್ದದ ತುಣುಕಿನಲ್ಲಿ ಹೋಲಿಕೆ ಶೇ. 80ರ ಆಸುಪಾಸಿಗೆ ಬಂತೆಂದರೆ ನಾವು ಆ ಭಾಗ ಬಿಟ್ಟು 3 ಪ್ರೈಮ್ ತುದಿಯ ಅನುವಾದವಾಗದ ಭಾಗ ಆರಿಸುತ್ತೇವೆ. ಅದೇ ಜೀನಿನ ಬೇರೊಂದು ಭಾಗಕ್ಕೆ, ಒಂದರ ಮೇಲೊಂದು ಬಾರದಂತೆ, ಎರಡನೇ ಆಂಟಿಸೆನ್ಸ್ ಪ್ರೋಬ್ ಮಾಡಿ. ಎರಡೂ ಒಂದೇ ನಮೂನೆ ಕೊಟ್ಟರೆ ಸೆನ್ಸ್ ಕಂಟ್ರೋಲಿಗಿಂತ ದೊಡ್ಡ ಸಾಕ್ಷಿ ಅದು.

ವರ್ಣಕೋಶವನ್ನು ಸಿಗ್ನಲ್ ಎಂದು ಎಣಿಸುವುದೂ ಉಂಟು. ಮೆಲನಿನ್ ಕಂದುಗಪ್ಪು, ನಕ್ಷತ್ರದ ಆಕಾರ, ಬಣ್ಣ ಹಾಕುವ ಮುಂಚೆಯೇ ಇರುತ್ತದೆ. ಮೆಲನಿನ್ ಮೂಡದಂತೆ ತಡೆಯುವ 0.003% ಪಿಟಿಯು, ಅಂದರೆ 100 ಮಿಲಿಗೆ 3 ಮಿಗ್ರಾಂ, 24 ಗಂಟೆಯ ಒಳಗೇ ಕೊಡಬೇಕು. ಮೂಡಿದ ಕಪ್ಪನ್ನು ಅದು ಅಳಿಸುವುದಿಲ್ಲ. ತಡವಾಗಿದ್ದರೆ ಫಿಕ್ಸ್ ಆದ ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್, 0.5% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮಿಶ್ರಣದಲ್ಲಿ ಕಣ್ಣಿಟ್ಟು ಬಿಳುಪಿಸಿ.

ಅಕ್ವೇರಿಯಂ ಅಂಗಡಿಯಿಂದ ತಂದ ಮೀನಿನ ಮೊಟ್ಟೆಯಾದರೆ ತಳಿ ಗೊತ್ತಿರುವುದಿಲ್ಲ. ಒಂದೆರಡು ಬೇಸ್ ವ್ಯತ್ಯಾಸವನ್ನು ಉದ್ದನೆಯ ಪ್ರೋಬ್ ಸಹಿಸಿಕೊಳ್ಳುತ್ತದೆ, ಪ್ರೈಮರ್ ಸಹಿಸುವುದಿಲ್ಲ; ಆರ್‌ಟಿ-ಪಿಸಿಆರ್ ಮಾತ್ರ ಖಾಲಿ ಬಂದರೆ ಪ್ರೈಮರ್ ಜಾಗ ಬದಲಿಸಿ ನೋಡಿ. ಕೆಂಪು, ಹಸಿರು ಹೊಳೆಯುವ ಬಗೆಯವು ಬೇಡ. ಎನ್‌ಬಿಟಿ ಬಣ್ಣಕ್ಕೆ ಅಡ್ಡಿಯಿಲ್ಲವಾದರೂ ಮುಂದೆ ಫ್ಲೋರೆಸೆಂಟ್ ವಿಧಾನಕ್ಕೆ ಹೋದಾಗ ಅದೇ ಮೊದಲ ದೋಷವಾಗುತ್ತದೆ.